ಎಐ ಓದಬಲ್ಲ ವೆಬ್‌ಸೈಟ್: ಮುಂಬಯಿಯ ಒಂದು ಅಡುಗೆ ಕಾಂಟ್ರಾಕ್ಟಿನ ಉದಾಹರಣೆಯೊಂದಿಗೆ ಸಣ್ಣ ವ್ಯಾಪಾರಸ್ಥರಿಗೆ ಮಾರ್ಗದರ್ಶಿ

ಮಾಟುಂಗ ಪೂರ್ವದಲ್ಲಿ ನಮ್ಮ ಭಾವನವರದು ಅಡುಗೆ ಕಾಂಟ್ರಾಕ್ಟ್. ಉಪನಯನ, ಗೃಹಪ್ರವೇಶ, ಸೀಮಂತ, ವರ್ಷಾಂತಿಕ ಯಾವುದೇ ಇರಲಿ, ಬಾಳೆಎಲೆ ಹಾಕಿ ಪಂಕ್ತಿಯಲ್ಲಿ ಬಡಿಸುವ ಊಟವೇ ಅವರ ಮುಖ್ಯ ಕೆಲಸ. ಕಳೆದ ವರ್ಷ ಮುಲುಂಡಿನಿಂದ ಫೋನ್ ಮಾಡಿದ ಒಬ್ಬ ಹೆಂಗಸು ಮಾತಿನ ಆರಂಭದಲ್ಲಿಯೇ, "ನೀವು ನೂರು ಎಲೆಗಿಂತ ಕಡಿಮೆ ಒಪ್ಪಿಕೊಳ್ಳುವುದಿಲ್ಲವಂತಲ್ಲ, ನಮ್ಮದು ಅರವತ್ತೇ ಜನ, ಏನಾದರೂ ಹೊಂದಿಸಿಕೊಳ್ಳಬಹುದೇ?" ಎಂದು ಸಂಕೋಚದಿಂದ ಕೇಳಿದರು. ಭಾವ ನಲವತ್ತು ಎಲೆಗೂ ಹೊರಡುವವರು. "ಹಾಗೆಂದು ಯಾರಮ್ಮ ಹೇಳಿದ್ದು?" ಎಂದು ಕೇಳಿದಾಗ, ಮೊಬೈಲಿನಲ್ಲಿ ಎಐಗೆ ಕೇಳಿದೆ ಎಂಬ ಉತ್ತರ ಬಂತು. ಆಕೆಯಾದರೂ ಸಂಕೋಚ ಬಿಟ್ಟು ಫೋನ್ ಮಾಡಿದರು. ಅದೇ ಉತ್ತರ ಓದಿ ಸುಮ್ಮನೆ ಬೇರೆಯವರನ್ನು ಹುಡುಕಿಕೊಂಡವರು ಎಷ್ಟು ಮಂದಿಯೋ ತಿಳಿಯುವ ದಾರಿಯೇ ಇಲ್ಲ.

ಆ ರಾತ್ರಿ ಕುಳಿತು ಹುಡುಕಿದಾಗ ವಿಷಯ ಸ್ಪಷ್ಟವಾಯಿತು. ಭಾವನವರ ವೆಬ್‌ಸೈಟಿನಲ್ಲಿ "ಕನಿಷ್ಠ 40 ಎಲೆ" ಎಂದು ದೊಡ್ಡದಾಗಿಯೇ ಇತ್ತು, ಆದರೆ ಅದು ಮೆನು ಕಾರ್ಡಿನ ಚಿತ್ರದೊಳಗೆ, ಕೆಂಪು ಹಿನ್ನೆಲೆಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿತ್ತು. ಇನ್ನೊಂದೆಡೆ, ವ್ಯಾಪಾರಸ್ಥರ ವಿಳಾಸಗಳನ್ನು ಪಟ್ಟಿ ಮಾಡುವ ಒಂದು ತಾಣದಲ್ಲಿ ವರ್ಷಗಳ ಹಿಂದೆ ಯಾರೋ ತುಂಬಿಸಿದ "ಕನಿಷ್ಠ 100 ಜನ" ಎಂಬ ಸಾಲು ಸಾದಾ ಅಕ್ಷರಗಳಲ್ಲಿ ಹಾಗೆಯೇ ಉಳಿದಿತ್ತು. ಎಐ ತಾನಾಗಿ ಏನನ್ನೂ ಕಟ್ಟಿ ಹೇಳಿರಲಿಲ್ಲ. ಓದಲು ಸಿಕ್ಕಿದ್ದನ್ನು ಹೇಳಿತ್ತು, ಅಷ್ಟೆ. ಅದಕ್ಕೆ ಓದಲು ಸಿಗುವಂತೆ ನಮ್ಮ ಮಾತನ್ನು ನಾವೇ ಇಡಬೇಕು ಎಂಬುದೇ ಈ ಲೇಖನದ ವಿಷಯ. ಇದಕ್ಕೆ ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲನ್ನು ಅಂಗಡಿಯ ಮಾಲೀಕರೇ ಮಾಡಬಹುದು. ಉಳಿದ ಕಾಲು ಪಾಲಿಗೆ ವೆಬ್‌ಸೈಟ್ ಮಾಡಿಕೊಟ್ಟವರ ಒಂದು ದಿನದ ಸಹಾಯ ಸಾಕಾಗುತ್ತದೆ.

ಎಐ ನಿಮ್ಮ ಪುಟಕ್ಕೆ ಬರುವುದು ಹೇಗೆ

ಮೂರು ದಾರಿಗಳಿವೆ, ಮೂರನ್ನೂ ಬೇರೆಬೇರೆಯಾಗಿ ತಿಳಿದುಕೊಳ್ಳುವುದು ಮುಂದಿನ ನಿರ್ಧಾರಗಳಿಗೆ ಅಗತ್ಯ. ಮೊದಲನೆಯದು ತರಬೇತಿಗಾಗಿ ನಡೆಯುವ ಸಂಗ್ರಹ: ಓಪನ್‌ಎಐನ ಜಿಪಿಟಿಬಾಟ್, ಆಂಥ್ರೊಪಿಕ್‌ನ ಕ್ಲಾಡ್‌ಬಾಟ್, ಕಾಮನ್ ಕ್ರಾಲ್ ಸಂಸ್ಥೆಯ ಸಿಸಿಬಾಟ್ ಮುಂತಾದ ಬಾಟ್‌ಗಳು, ಅಂದರೆ ತಾವಾಗಿಯೇ ಪುಟಗಳನ್ನು ತೆರೆದು ಓದುವ ತಂತ್ರಾಂಶಗಳು, ಜಾಲದ ಪುಟಗಳನ್ನು ಓದಿಕೊಂಡು ಹೋಗುತ್ತವೆ, ಆ ಪಠ್ಯದಿಂದ ಎಐನ ಒಳಗಿರುವ ಭಾಷಾ ಮಾದರಿಗಳು ಕಲಿಯುತ್ತವೆ. ಸಣ್ಣ ವ್ಯಾಪಾರಕ್ಕೆ ಇದರಿಂದ ನೇರ ಲಾಭ ಕಡಿಮೆ, ಏಕೆಂದರೆ ಕಲಿತದ್ದು ಹಳೆಯದಾಗುತ್ತದೆ ಮತ್ತು ಮಾಟುಂಗದ ಒಬ್ಬ ಅಡುಗೆಯವರ ದರಪಟ್ಟಿ ಅಷ್ಟು ದೊಡ್ಡ ರಾಶಿಯಲ್ಲಿ ನೆನಪಿನಲ್ಲಿ ಉಳಿಯುವುದು ಕಷ್ಟ. ಎರಡನೆಯದು ಹುಡುಕಾಟದ ಸೂಚಿ, ಅಂದರೆ ಯಾವ ಪುಟದಲ್ಲಿ ಏನಿದೆ ಎಂದು ಪಟ್ಟಿ ಮಾಡಿಕೊಳ್ಳುವುದು: ಓಎಐ-ಸರ್ಚ್‌ಬಾಟ್, ಕ್ಲಾಡ್-ಸರ್ಚ್‌ಬಾಟ್, ಪರ್‌ಪ್ಲೆಕ್ಸಿಟಿಬಾಟ್, ಜೊತೆಗೆ ನಮಗೆ ಮೊದಲಿನಿಂದಲೂ ಗೊತ್ತಿರುವ ಗೂಗಲ್‌ಬಾಟ್ ಮತ್ತು ಬಿಂಗ್‌ಬಾಟ್ ಈ ಕೆಲಸ ಮಾಡುತ್ತವೆ. ಮೂರನೆಯದು, ಗ್ರಾಹಕರು ಪ್ರಶ್ನೆ ಕೇಳಿದ ಆ ಕ್ಷಣದಲ್ಲಿಯೇ ಎಐ ನಿಮ್ಮ ಪುಟವನ್ನು ತೆರೆದು ಓದುವುದು. ಹೀಗೆ ಬರುವ ಬಾಟ್‌ಗಳಿಗೆ ಚಾಟ್‌ಜಿಪಿಟಿ-ಯೂಸರ್, ಕ್ಲಾಡ್-ಯೂಸರ್ ಎಂಬಂಥ ಹೆಸರುಗಳಿವೆ. ನಮ್ಮಂಥವರಿಗೆ ಮುಖ್ಯವಾದವು ಎರಡನೆಯದು ಮತ್ತು ಮೂರನೆಯದು.

ಈ ಮೂರರಲ್ಲಿ ಯಾವ ದಾರಿಯಿಂದ ಬಂದರೂ ಬಾಟ್ ಸಾಮಾನ್ಯವಾಗಿ ಒಯ್ಯುವುದು ಪುಟದ ಪಠ್ಯವನ್ನು ಮಾತ್ರ. ಇಂದಿನ ಮಾದರಿಗಳಿಗೆ ಫೋಟೋ ಕೊಟ್ಟರೆ ಅದರಲ್ಲಿರುವ ಅಕ್ಷರಗಳನ್ನು ಓದುವ ಶಕ್ತಿ ಇದೆ ಎಂಬುದು ನಿಜ, ಆದರೆ ಯಾರೋ ಕೇಳಿದ ಪ್ರಶ್ನೆಗೆ ಹತ್ತು ಪುಟಗಳನ್ನು ಸರಸರನೆ ತೆರೆದು ನೋಡುವಾಗ ಅವು ಪ್ರತಿ ಚಿತ್ರವನ್ನೂ ಇಳಿಸಿಕೊಂಡು ಪರೀಕ್ಷಿಸುವುದಿಲ್ಲ. ಅಂತೆಯೇ ಬಹುತೇಕ ಎಐ ಬಾಟ್‌ಗಳು ಜಾವಾಸ್ಕ್ರಿಪ್ಟನ್ನು, ಅಂದರೆ ಪುಟದೊಳಗಿದ್ದು ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮನ್ನು, ನಡೆಸುವುದಿಲ್ಲ, ಗೂಗಲ್‌ಬಾಟ್ ನಡೆಸುತ್ತದೆ. ಹೀಗಾಗಿ "ಗೂಗಲ್‌ನಲ್ಲಿ ನಮ್ಮ ಸೈಟ್ ಚೆನ್ನಾಗಿಯೇ ಬರುತ್ತದಲ್ಲ" ಎಂಬ ಸಮಾಧಾನ ಇಲ್ಲಿ ಸಾಲದು.

ಮೊದಲ ಹೆಜ್ಜೆ: ನೋಟ್‌ಪ್ಯಾಡ್ ಪರೀಕ್ಷೆ

ಏನನ್ನಾದರೂ ಬದಲಾಯಿಸುವ ಮೊದಲು ಈಗಿನ ಸ್ಥಿತಿಯನ್ನು ನೋಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ನಿಮ್ಮ ವೆಬ್‌ಸೈಟಿನ ಮುಖಪುಟ ತೆರೆದು, ಇಡೀ ಪುಟವನ್ನು ಆಯ್ದುಕೊಂಡು ಕಾಪಿ ಮಾಡಿ, ಅದನ್ನು ಸಾದಾ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿರಿ. ಬಣ್ಣ, ಚಿತ್ರ, ಜಾರುವ ಬ್ಯಾನರ್ ಎಲ್ಲವೂ ಕಳಚಿ ಬಿದ್ದು ಬರಿಯ ಅಕ್ಷರಗಳು ಉಳಿಯುತ್ತವೆ. ಈ ನೋಟ್‌ಪ್ಯಾಡನ್ನು ನಿಮ್ಮ ವ್ಯಾಪಾರದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಎಂಟು ಹತ್ತು ಪ್ರಶ್ನೆ ಕೇಳಿರಿ: ಅಂಗಡಿ ಎಲ್ಲಿದೆ, ಯಾವ ವಾರ ರಜೆ, ದರ ಎಷ್ಟು, ಥಾಣೆಗೆ ಬರುತ್ತಾರೆಯೇ, ಮುಂಗಡ ಎಷ್ಟು ಕೊಡಬೇಕು. ಭಾವನವರ ಸೈಟಿನ ನೋಟ್‌ಪ್ಯಾಡಿನಲ್ಲಿ ಉಳಿದದ್ದು ಹನ್ನೊಂದು ಸಾಲು. ಅದರಲ್ಲಿ ನಾಲ್ಕು ಸಾಲು "ಮುಖಪುಟ, ನಮ್ಮ ಬಗ್ಗೆ, ಗ್ಯಾಲರಿ, ಸಂಪರ್ಕ" ಎಂಬ ಮೆನು ಪಟ್ಟಿ. ಒಂದು ಸಾಲು "ರುಚಿ, ಶುಚಿ, ಸಂಪ್ರದಾಯ". ಇನ್ನೊಂದು, ಸೈಟ್ ಮಾಡಿಕೊಟ್ಟವರ ಜಾಹೀರಾತು. ನನ್ನ ಅಕ್ಕ ಅದನ್ನು ಓದಿ, "ಇದು ಹೋಟೆಲೋ ಮಠವೋ ಗೊತ್ತಾಗುವುದಿಲ್ಲವಲ್ಲ" ಎಂದರು.

ಈ ಪರೀಕ್ಷೆಗೆ ಒಂದು ಕೊರತೆ ಇದೆ. ಜಾವಾಸ್ಕ್ರಿಪ್ಟ್ ಮೂಲಕ ಆಮೇಲೆ ಬಂದು ಕೂರುವ ಪಠ್ಯವೂ ನೋಟ್‌ಪ್ಯಾಡಿಗೆ ಬಂದುಬಿಡುತ್ತದೆ, ಬಾಟ್‌ಗೆ ಮಾತ್ರ ಅದು ಕಾಣುವುದಿಲ್ಲ. ಆದ್ದರಿಂದ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಯು ಕೀಗಳನ್ನು ಒಟ್ಟಿಗೆ ಒತ್ತಿ ಪುಟದ ಮೂಲ ಎಚ್‌ಟಿಎಂಎಲ್ (ಪುಟವನ್ನು ಬರೆದಿರುವ ಸಂಕೇತಭಾಷೆ) ತೆರೆದು, ಅದರೊಳಗೆ ನಿಮ್ಮ ಫೋನ್ ನಂಬರನ್ನೂ ಒಂದು ದರವನ್ನೂ ಹುಡುಕಿ ನೋಡಿರಿ. ಸಿಕ್ಕರೆ ಸರಿ. ಸಿಗದಿದ್ದರೆ, ಆ ಮಾಹಿತಿಯನ್ನು ಸರ್ವರಿನಿಂದಲೇ ಪಠ್ಯವಾಗಿ ಕಳುಹಿಸುವಂತೆ ಸೈಟ್ ಮಾಡಿಕೊಟ್ಟವರಿಗೆ ಹೇಳಬೇಕು.

ಎರಡನೆಯ ಹೆಜ್ಜೆ: ಫೋನಿನ ಪಕ್ಕದಲ್ಲೊಂದು ನೋಟ್‌ಬುಕ್

ಪುಟದಲ್ಲಿ ಏನು ಬರೆಯಬೇಕೆಂಬುದನ್ನು ತಂತ್ರಜ್ಞರು ಹೇಳಲಾರರು, ಅದನ್ನು ಗ್ರಾಹಕರೇ ದಿನವೂ ಹೇಳುತ್ತಿರುತ್ತಾರೆ. ಎರಡು ವಾರ ಫೋನಿನ ಪಕ್ಕದಲ್ಲಿ ನೋಟ್‌ಬುಕ್ ಇಟ್ಟು, ಕರೆ ಮಾಡಿದವರು ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿರಿ. ವಾಟ್ಸಾಪಿನಲ್ಲಿ ಬಂದ ಪ್ರಶ್ನೆಗಳನ್ನೂ ಅದಕ್ಕೆ ಸೇರಿಸಿರಿ. ಭಾವನವರ ನೋಟ್‌ಬುಕ್‌ನಲ್ಲಿ ಬಿದ್ದ ಪ್ರಶ್ನೆಗಳು ನಮ್ಮ ಊಹೆಗಿಂತ ಬೇರೆಯೇ ಇದ್ದವು. "ನಿಮ್ಮ ವೈಶಿಷ್ಟ್ಯವೇನು?" ಎಂದು ಯಾರೂ ಕೇಳಲಿಲ್ಲ. ಬಡಿಸುವವರು ನಿಮ್ಮ ಕಡೆಯವರೇ? ಲಿಫ್ಟ್ ಇಲ್ಲದ ಕಟ್ಟಡಕ್ಕೆ ಬರುತ್ತೀರಾ? ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಮಾಡುತ್ತೀರಾ? ಜೈನ ಅಡುಗೆ ಆಗುತ್ತದೆಯೇ? ಸೊಸೈಟಿಯ ಹಾಲಿನಲ್ಲಿ ಒಲೆ ಹೊತ್ತಿಸಲು ಬಿಡದಿದ್ದರೆ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಟ್ರೇನ್ ನಿಂತರೆ ನಿಮ್ಮ ಜನ ಹೇಗೆ ಬರುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ಮುಂಬಯಿಯವರಲ್ಲದೆ ಬೇರೆ ಯಾರೂ ಕೇಳಲಾರರು.

ಜನರು ಎಐಗೆ ಕೇಳುವುದೂ ಇದೇ ಬಗೆಯ ಪ್ರಶ್ನೆಗಳನ್ನೇ. ಹಿಂದೆ ಗೂಗಲ್‌ನಲ್ಲಿ "ಕೇಟರರ್ ಮಾಟುಂಗ" ಎಂದು ಎರಡು ಪದ ಟೈಪ್ ಮಾಡುತ್ತಿದ್ದವರು ಈಗ, "ಮುಲುಂಡ್ ಪಶ್ಚಿಮದಲ್ಲಿ ಗೃಹಪ್ರವೇಶ, 60 ಜನ, ಈರುಳ್ಳಿ ಬೆಳ್ಳುಳ್ಳಿ ಬೇಡ, ಬಾಳೆಎಲೆಯಲ್ಲಿಯೇ ಬಡಿಸಬೇಕು, ಒಂದು ಎಲೆಗೆ 500 ರೂಪಾಯಿಯೊಳಗೆ ಯಾರು ಮಾಡುತ್ತಾರೆ?" ಎಂದು ಮನೆಯವರೊಡನೆ ಮಾತನಾಡಿದಂತೆ ಕೇಳುತ್ತಾರೆ. ಇದರಲ್ಲಿ ಐದು ಷರತ್ತುಗಳಿವೆ. ಐದಕ್ಕೂ ಒಂದೇ ಪುಟದಲ್ಲಿ ಸ್ಪಷ್ಟ ಉತ್ತರ ಇರುವ ವ್ಯಾಪಾರಸ್ಥರ ಹೆಸರು ಮುಂದೆ ಬರುವ ಸಾಧ್ಯತೆ ಸಹಜವಾಗಿಯೇ ಹೆಚ್ಚು.

ಮೂರನೆಯ ಹೆಜ್ಜೆ: ಉತ್ತರಗಳನ್ನು ಪೂರ್ಣ ವಾಕ್ಯದಲ್ಲಿ ಬರೆಯುವುದು

ಇಲ್ಲಿ ಆತುರಪಡಬಾರದು, ಏಕೆಂದರೆ ಒಟ್ಟು ಕೆಲಸದ ಸತ್ವ ಇರುವುದು ಇಲ್ಲಿಯೇ. ಎಐ ಪುಟವನ್ನು ಓದುವಾಗ ಅದನ್ನು ತುಂಡು ತುಂಡಾಗಿ ಎತ್ತಿಕೊಳ್ಳುವುದುಂಟು, ಆದ್ದರಿಂದ ಪ್ರತಿ ವಾಕ್ಯವೂ ಒಂಟಿಯಾಗಿ ನಿಂತರೂ ಅರ್ಥವಾಗುವಂತಿರಬೇಕು. "ನಾವು ಎಲ್ಲ ಕಡೆಗೂ ಬರುತ್ತೇವೆ, ದರಕ್ಕೆ ಕರೆ ಮಾಡಿ" ಎಂಬ ವಾಕ್ಯದಿಂದ ಯಂತ್ರಕ್ಕಾಗಲಿ ಮನುಷ್ಯರಿಗಾಗಲಿ ಏನೂ ಸಿಗುವುದಿಲ್ಲ. ಅದರ ಬದಲು ನಾವು ಬರೆದದ್ದು ಹೀಗೆ: "ನಮ್ಮ ಬಾಳೆಎಲೆ ಊಟದ ದರ ಒಂದು ಎಲೆಗೆ 420 ರೂಪಾಯಿಯಿಂದ ಆರಂಭವಾಗುತ್ತದೆ; ಇದರಲ್ಲಿ ಎರಡು ಪಲ್ಯ, ಕೋಸಂಬರಿ, ಸಾರು, ಹುಳಿ, ಒಂದು ಸಿಹಿ, ಮಜ್ಜಿಗೆ ಮತ್ತು ಬಡಿಸುವವರ ಕೂಲಿ ಸೇರಿದೆ, ಸಾಗಾಟದ ವೆಚ್ಚ ಸೇರಿಲ್ಲ. ಕನಿಷ್ಠ 40 ಎಲೆಗಳ ಆರ್ಡರ್ ಒಪ್ಪಿಕೊಳ್ಳುತ್ತೇವೆ. ಕೊಲಾಬಾದಿಂದ ಮುಲುಂಡಿನವರೆಗೆ, ಮತ್ತು ಥಾಣೆ, ಡೊಂಬಿವಲಿ, ನವಿಮುಂಬಯಿಗೆ ಬರುತ್ತೇವೆ. ವಿರಾರ್ ಕಡೆಗೆ ಬರುವುದಿಲ್ಲ." ಏನು ಮಾಡುವುದಿಲ್ಲ ಎಂಬುದನ್ನು ಬರೆಯುವುದು ವ್ಯಾಪಾರಕ್ಕೆ ಅಪಶಕುನ ಎಂದು ಭಾವ ಮೊದಲು ಒಪ್ಪಲಿಲ್ಲ. ಆದರೆ "ಬರುವುದಿಲ್ಲ" ಎಂಬ ಮಾತು ಎಲ್ಲಿಯೂ ಇಲ್ಲದಿದ್ದರೆ ಎಐ ಊಹೆಯಿಂದ "ಬರಬಹುದು" ಎಂದು ಹೇಳಿಬಿಡಬಹುದು, ಆಮೇಲೆ ವಿರಾರಿನಿಂದ ಬಂದ ಕರೆಗೆ ಇಲ್ಲ ಎನ್ನುವುದು ನಮ್ಮ ಪಾಲಿಗೆ ಬರುತ್ತದೆ.

ದರ ಬರೆದರೆ ಎದುರಾಳಿಗಳಿಗೆ ತಿಳಿಯುತ್ತದೆ ಎಂಬ ಹಿಂಜರಿಕೆ ನಮ್ಮವರಲ್ಲಿ ಬಹಳ. ಎದುರಾಳಿಗಳಿಗೆ ಅದು ಈಗಾಗಲೇ ತಿಳಿದಿರುತ್ತದೆ ಎಂಬುದು ನನ್ನ ಅನುಭವ. ತಿಳಿಯದಿರುವುದು ಗ್ರಾಹಕರಿಗೆ ಮಾತ್ರ. ನಿಖರ ದರ ಹೇಳಲಾಗದ ಕೆಲಸವಾದರೆ ಆರಂಭದ ದರವನ್ನೂ, ದರ ಯಾವುದರಿಂದ ಹೆಚ್ಚುತ್ತದೆ ಎಂಬುದನ್ನೂ ಬರೆಯಿರಿ. ಪಕ್ಕದಲ್ಲಿ ತಿಂಗಳು ಮತ್ತು ವರ್ಷವನ್ನು ತಪ್ಪದೆ ನಮೂದಿಸಿರಿ. ಎರಡು ಕಡೆ ಎರಡು ದರ ಕಂಡಾಗ ಯಾವುದು ಹೊಸದೆಂದು ತೀರ್ಮಾನಿಸಲು ದಿನಾಂಕಕ್ಕಿಂತ ಒಳ್ಳೆಯ ಆಧಾರ ಓದುವವರಿಗೆ ಸಿಗುವುದಿಲ್ಲ.

ತಿನಿಸುಗಳ ಹೆಸರಿನ ವಿಷಯದಲ್ಲಿ ಒಂದು ಮಾತು. ನಮ್ಮ ಗ್ರಾಹಕರಲ್ಲಿ ಮರಾಠಿಗರೂ ಗುಜರಾತಿಗಳೂ ಇದ್ದಾರೆ, ಅವರಿಗೆ "ಪತ್ರೊಡೆ" ಎಂದರೆ ತಿಳಿಯದಿರಬಹುದು. "ಪತ್ರೊಡೆ: ಕೆಸುವಿನ ಎಲೆಗೆ ಅಕ್ಕಿಯ ಮಸಾಲೆ ಹಿಟ್ಟು ಸವರಿ, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿನಿಸು, ಕಡಲೆಹಿಟ್ಟಿನಿಂದ ಮಾಡುವ ಮರಾಠಿಯ ಅಳೂವಡಿಗೂ ಗುಜರಾತಿನ ಪಾತ್ರಾಗೂ ಹತ್ತಿರದ್ದು" ಎಂದು ಒಂದು ಸಾಲು ಬರೆದರೆ, ಅಳೂವಡಿ ಹುಡುಕುವವರಿಗೂ ಎಐ ನಮ್ಮ ಪುಟವನ್ನು ತೋರಿಸಲು ಕಾರಣ ಸಿಗುತ್ತದೆ. ಮೆನು ಕಾರ್ಡಿನ ಚಂದದ ಚಿತ್ರವನ್ನು ತೆಗೆದುಹಾಕಬೇಕಿಲ್ಲ, ಅದು ಕಣ್ಣಿಗೆ ಹಬ್ಬ. ಆದರೆ ಅದರ ಕೆಳಗೆ ಅದೇ ಮೆನು ಕೋಷ್ಟಕದ ರೂಪದಲ್ಲಿ ಪಠ್ಯವಾಗಿ ಇರಬೇಕು. ಫೋಟೋಗಳಿಗೆ ಆಲ್ಟ್ ಪಠ್ಯ ಎಂಬ ವಿವರಣೆಯ ಸಾಲನ್ನು ಸೇರಿಸುವ ಸೌಲಭ್ಯ ಎಲ್ಲ ವೆಬ್‌ಸೈಟ್‌ಗಳಲ್ಲಿಯೂ ಇದೆ, ಅಲ್ಲಿ "ಫೋಟೋ 3" ಎಂದು ಬಿಡದೆ "ಸಭಾಂಗಣದಲ್ಲಿ ಪಂಕ್ತಿಗೆ ಬಾಳೆಎಲೆ ಹಾಕಿ ಬಡಿಸುತ್ತಿರುವುದು" ಎಂದು ಬರೆಯಿರಿ. ಕಣ್ಣು ಕಾಣದವರು ಬಳಸುವ ಓದುಗ ತಂತ್ರಾಂಶಕ್ಕೂ ಇದೇ ಸಾಲು ಆಧಾರ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂಬುದು ಇನ್ನೊಂದು ಬಗೆಯ ಚಿತ್ರವೇ ಎಂದು ತಿಳಿಯಿರಿ.

ಕನ್ನಡ ಪಠ್ಯದ ಕಣ್ಣಿಗೆ ಕಾಣದ ರೋಗ

ನಮ್ಮವರ ಸೈಟ್‌ಗಳಲ್ಲಿ ಕಾಣುವ ಒಂದು ತೊಂದರೆಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಬರುವ ಮಾರ್ಗದರ್ಶಿಗಳು ಸಾಮಾನ್ಯವಾಗಿ ಅದನ್ನು ಹೇಳುವುದಿಲ್ಲ. ಆಮಂತ್ರಣ ಪತ್ರಿಕೆ, ಕರಪತ್ರ ಮಾಡುವ ಡಿಟಿಪಿಯವರು "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಕನ್ನಡ ಜೋಡಿಸುತ್ತಾರೆ. ಆ ಫೈಲಿನಲ್ಲಿ ಇರುವುದು ನಿಜವಾಗಿ ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ "ಕನ್ನಡ" ಎಂಬ ಪದವೇ ಒಂದು ಪಿ, ತಲೆಯ ಮೇಲೆ ಓರೆಗೀಟಿರುವ ಒಂದು ಎ, ಬ್ರಿಟನ್ನಿನ ಪೌಂಡ್ ಚಿಹ್ನೆ ಎಂಬಂತೆ ವಿಚಿತ್ರವಾಗಿ ಕಾಣುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಸುಂದರವಾಗಿ ಕಾಣುವ ಪುಟವನ್ನು ಬಾಟ್ ಓದುವಾಗ ಅದಕ್ಕೆ ಸಿಗುವುದು ಈ ಗೀಟು ಮತ್ತು ಪೌಂಡುಗಳ ರಾಶಿ ಮಾತ್ರ.

ಇದಕ್ಕೆ ಪರಿಹಾರ ಯುನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಮಾನಕ. 1991ರ ಮೊದಲ ಆವೃತ್ತಿಯಿಂದಲೂ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ಮೊಬೈಲಿನಲ್ಲಿ ನಾವು ಟೈಪ್ ಮಾಡುವ ಕನ್ನಡವೆಲ್ಲ ಯುನಿಕೋಡೇ. ಪರೀಕ್ಷೆ ಸುಲಭ: ಪುಟದ ಒಂದು ಕನ್ನಡ ಸಾಲನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಿರಿ. ಕನ್ನಡವಾಗಿ ಬಂದರೆ ಕ್ಷೇಮ. ಇಲ್ಲವಾದರೆ ಆಸ್ಕಿಯಿಂದ ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ಭಾವನವರ ಹಳೆಯ ಕರಪತ್ರದ "ವರ್ಷಾಂತಿಕ" ಮತ್ತು "ಕಾರ್ಯಕ್ರಮ" ಎಂಬೆರಡು ಪದಗಳನ್ನು ನಾನೇ ಕೈಯಿಂದ ತಿದ್ದಬೇಕಾಯಿತು. ಪುಟದ ಎಚ್‌ಟಿಎಂಎಲ್‌ನಲ್ಲಿ ಯುಟಿಎಫ್-8 (ಯುನಿಕೋಡನ್ನು ಫೈಲಿನಲ್ಲಿ ಬರೆಯುವ ರೂಪ) ಎಂಬ ಘೋಷಣೆಯೂ, ಕನ್ನಡ ಪುಟಕ್ಕೆ ಕನ್ನಡದ ಭಾಷಾ ಗುರುತೂ, ಮರಾಠಿ ಪುಟಕ್ಕೆ ಮರಾಠಿಯದೂ ಇರಲಿ ಎಂದು ಸೈಟ್ ಮಾಡುವವರಿಗೆ ಹೇಳಿದರೆ ಸಾಕು, ಅವರಿಗೆ ಇದು ಐದು ನಿಮಿಷದ ಕೆಲಸ.

ಹಾಗಾದರೆ ಯಾವ ಭಾಷೆಯಲ್ಲಿ ಬರೆಯಬೇಕು? ಮುಂಬಯಿಯಲ್ಲಿ ವ್ಯಾಪಾರ ಮಾಡುವವರಿಗೆ ಇಂಗ್ಲಿಷ್ ಪುಟ ಅನಿವಾರ್ಯ, ಮರಾಠಿ ಪುಟ ಬಹಳ ಉಪಯೋಗಿ. ಕನ್ನಡ ಪುಟ ಬೇಕೇ ಎಂಬುದು ಗ್ರಾಹಕರನ್ನು ಅವಲಂಬಿಸಿದೆ. ನಮ್ಮವರ ಮನೆಗಳ ಶುಭಕಾರ್ಯಗಳೇ ಅರ್ಧ ವ್ಯಾಪಾರವಾಗಿರುವ ಭಾವನವರಿಗೆ ಅದು ಬೇಕೇ ಬೇಕಿತ್ತು. ಪ್ರತಿ ಭಾಷೆಗೂ ಬೇರೆಯೇ ಪುಟ ಮತ್ತು ಬೇರೆಯೇ ವಿಳಾಸ ಇರಬೇಕು. ಮೂಲೆಯಲ್ಲಿ ಒಂದು ಭಾಷಾಂತರದ ಗುಂಡಿ ಇಟ್ಟು, ಓದುವವರು ಒತ್ತಿದಾಗ ಬ್ರೌಸರಿನಲ್ಲಿಯೇ ಭಾಷೆ ಬದಲಾಗುವ ವ್ಯವಸ್ಥೆಯನ್ನು ನಂಬಬೇಡಿರಿ, ಏಕೆಂದರೆ ಆ ಗುಂಡಿಯನ್ನು ಬಾಟ್ ಒತ್ತುವುದಿಲ್ಲ.

ನಾಲ್ಕನೆಯ ಹೆಜ್ಜೆ: ವಿಳಾಸ

ಮುಂಬಯಿಯಲ್ಲಿ ವಿಳಾಸ ಎಂಬುದೇ ಒಂದು ಶಾಸ್ತ್ರ. ಮಾಟುಂಗ ಸೆಂಟ್ರಲ್ ಲೈನಿನ ಸ್ಟೇಶನ್, ಮಾಟುಂಗ ರೋಡ್ ವೆಸ್ಟರ್ನ್ ಲೈನಿನದು, ಕಿಂಗ್ಸ್ ಸರ್ಕಲ್ ಹಾರ್ಬರ್ ಲೈನಿನದು. ಮೂರರ ನಡುವೆಯೂ ನಡೆದು ಹೋಗಬಹುದಾದರೂ ಅಂಗಡಿ ಯಾವ ಕಡೆ ಎಂಬುದು ತಪ್ಪಿದರೆ ಗ್ರಾಹಕರು ಸೇತುವೆ ಹತ್ತಿ ಇಳಿದು ಸುಸ್ತಾಗುತ್ತಾರೆ. ಪೂರ್ವವೋ ಪಶ್ಚಿಮವೋ, ಯಾವ ಸ್ಟೇಶನ್ನಿನಿಂದ ನಡೆದರೆ ಎಷ್ಟು ನಿಮಿಷ, ಹತ್ತಿರದ ಗುರುತು ಯಾವುದು, 400019 ಎಂಬ ಪಿನ್ ಕೋಡ್, ಇವೆಲ್ಲವನ್ನೂ ಪಠ್ಯವಾಗಿ ಬರೆಯಿರಿ. ನಕ್ಷೆಯ ಚೌಕಟ್ಟನ್ನು ಅಂಟಿಸಿದರೆ ಸಾಕಾಗುವುದಿಲ್ಲ, ಏಕೆಂದರೆ ನಕ್ಷೆಯೊಳಗಿನ ಮಾಹಿತಿ ನಿಮ್ಮ ಪುಟದ ಪಠ್ಯವಲ್ಲ.

ಭಾವನವರಿಗೆ ಇನ್ನೊಂದು ತೊಡಕಿತ್ತು. ಆಫೀಸು ಮಾಟುಂಗದಲ್ಲಿ, ಅಡುಗೆಮನೆ ವಡಾಲದ ಒಂದು ಗಾಲೆಯಲ್ಲಿ, ಅಂದರೆ ಇಂಡಸ್ಟ್ರಿಯಲ್ ಎಸ್ಟೇಟಿನ ಮಳಿಗೆಯಲ್ಲಿ. ಹಳೆಯ ಸೈಟಿನಲ್ಲಿ ಎರಡೂ ವಿಳಾಸಗಳು ಒಂದರ ಕೆಳಗೊಂದು ಸುಮ್ಮನೆ ಇದ್ದವು, ಎಐ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ಹೇಳುತ್ತಿತ್ತು. "ಗ್ರಾಹಕರು ಭೇಟಿಗೆ ಬರಬೇಕಾದ ಆಫೀಸು ಇದು, ಅಡುಗೆಮನೆ ವಡಾಲದಲ್ಲಿದೆ, ಅಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ" ಎಂದು ಬರೆದು ಸೇರಿಸಿದ ಮೇಲೆ ಗೊಂದಲ ತಗ್ಗಿತು. ಆಹಾರದ ವ್ಯಾಪಾರವಾದರೆ ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತೆಯ ಸರ್ಕಾರಿ ಪ್ರಾಧಿಕಾರ) 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ, ಜಿಎಸ್‌ಟಿ ನೋಂದಣಿ ಇದ್ದರೆ ಅದನ್ನೂ ಪುಟದ ಕೆಳಭಾಗದಲ್ಲಿ ಅಕ್ಷರಗಳಲ್ಲಿಯೇ ಹಾಕಿರಿ. ನಂಬಿಕೆಯ ಪ್ರಶ್ನೆ ಬಂದಾಗ ಎಐಗೆ ತೋರಿಸಲು ಇದಕ್ಕಿಂತ ಗಟ್ಟಿಯಾದ ಆಧಾರ ಸಣ್ಣ ವ್ಯಾಪಾರಸ್ಥರ ಬಳಿ ಇರುವುದಿಲ್ಲ.

ಐದನೆಯ ಹೆಜ್ಜೆ: ಬಾಗಿಲು ತೆರೆದಿದೆಯೇ

ಇಲ್ಲಿಂದ ಮುಂದೆ ಸೈಟ್ ಮಾಡಿಕೊಟ್ಟವರ ನೆರವು ಬೇಕು. ವೆಬ್‌ಸೈಟಿನ ಮೂಲದಲ್ಲಿ ಸಾಮಾನ್ಯವಾಗಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಫೈಲ್ ಇರುತ್ತದೆ. ಯಾವ ಬಾಟ್ ಯಾವ ಪುಟಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಎಂದು ಅದರಲ್ಲಿ ಬರೆದಿರುತ್ತದೆ. 1994ರಲ್ಲಿ ಆರಂಭವಾದ ಈ ರೂಢಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಧಿಕೃತ ಮಾನಕವಾಯಿತು. ಅದು ಬೀಗವಲ್ಲ, ಬಾಗಿಲಿಗೆ ಅಂಟಿಸಿದ ಸೂಚನಾಫಲಕ. ಸಭ್ಯ ಬಾಟ್‌ಗಳು ಪಾಲಿಸುತ್ತವೆ. ಆ ಫೈಲಿನಲ್ಲಿ ಎಲ್ಲರನ್ನೂ ತಡೆಯುವ ಸಾಲು ಉಳಿದಿದೆಯೇ ಎಂದು ನೋಡಿರಿ. ಸೈಟ್ ಕಟ್ಟುವಾಗ ತಾತ್ಕಾಲಿಕವಾಗಿ ಹಾಕಿದ ಸಾಲನ್ನು ತೆಗೆಯಲು ಮರೆಯುವುದು ಸಾಮಾನ್ಯ.

ತರಬೇತಿಗೆ ನಿಮ್ಮ ಪಠ್ಯ ಹೋಗಬಾರದು ಎಂದು ನಿಮಗೆ ಅನಿಸಿದರೆ ಜಿಪಿಟಿಬಾಟ್, ಕ್ಲಾಡ್‌ಬಾಟ್, ಸಿಸಿಬಾಟ್‌ಗಳನ್ನು ಮಾತ್ರ ತಡೆದು, ಹುಡುಕಾಟದ ಮತ್ತು ನೇರ ಓದಿನ ಬಾಟ್‌ಗಳಿಗೆ ಅವಕಾಶ ಕೊಡಬಹುದು. ಹೆಸರುಗಳು ಬೇರೆಬೇರೆ ಇರುವುದು ಈ ಆಯ್ಕೆಗಾಗಿಯೇ. ತನ್ನ ಎಐ ತರಬೇತಿಯ ಆಯ್ಕೆಗಾಗಿ ಗೂಗಲ್ ಇಟ್ಟಿರುವ ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರನ್ನು ತಡೆದರೆ ಗೂಗಲ್ ಹುಡುಕಾಟದಿಂದ ನೀವು ಮಾಯವಾಗುವುದಿಲ್ಲ, ಅದೇ ರೀತಿ ಹುಡುಕಾಟದ ಮೇಲ್ಭಾಗದಲ್ಲಿ ಬರುವ ಎಐ ಸಾರಾಂಶದಿಂದಲೂ ಹೊರಗುಳಿಯುವುದಿಲ್ಲ, ಏಕೆಂದರೆ ಅದು ಗೂಗಲ್‌ಬಾಟ್ ತಂದ ಮಾಹಿತಿಯ ಮೇಲೆ ನಡೆಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕವಿತೆ ಬರೆಯುವವರಿಗೆ ಈ ಚಿಂತೆ ನ್ಯಾಯವಾದದ್ದು. ದರಪಟ್ಟಿ ಹಾಕುವವರು ಎಲ್ಲರನ್ನೂ ಒಳಗೆ ಬಿಡುವುದೇ ಲೇಸು.

ರೋಬೋಟ್ಸ್ ಫೈಲ್ ಸರಿಯಿದ್ದರೂ ಬಾಟ್ ಹೊರಗೇ ನಿಲ್ಲುವ ಒಂದು ಸಂದರ್ಭವಿದೆ. ಸೈಟ್‌ಗಳಿಗೆ ರಕ್ಷಣೆ ಮತ್ತು ವೇಗ ಕೊಡುವ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಸೇವೆಯ ಹಿಂದೆ ನಿಮ್ಮ ಸೈಟ್ ಇದ್ದರೆ ಅಲ್ಲಿಯ ಸೆಟ್ಟಿಂಗನ್ನು ನೋಡಲೇಬೇಕು. 2025ರ ಜುಲೈ 1ರಂದು ಆ ಕಂಪನಿ ಹೊಸದಾಗಿ ಸೇರುವ ಸೈಟ್‌ಗಳಿಗೆ ಎಐ ಬಾಟ್‌ಗಳನ್ನು ಮೊದಲಿನಿಂದಲೇ ತಡೆಯುವ ನೀತಿಯನ್ನು ಘೋಷಿಸಿತು. ಸುದ್ದಿ ಪತ್ರಿಕೆಗಳಿಗೆ ಇದು ರಕ್ಷಣೆ. ಅಡುಗೆ ಕಾಂಟ್ರಾಕ್ಟಿನವರಿಗೆ ಇದು ತಾವು ಹಾಕದ ಚಿಲಕ. ಇದೇ ರೀತಿ ಇನ್‌ಸ್ಟಾಗ್ರಾಂ ಪುಟವೊಂದನ್ನೇ ವೆಬ್‌ಸೈಟ್ ಎಂದು ನಂಬಿ ಕುಳಿತವರಿಗೂ ಒಂದು ಮಾತು: ಲಾಗಿನ್ ಕೇಳುವ ಗೋಡೆಯ ಹಿಂದಿನ ಪಠ್ಯ ಬಾಟ್‌ಗಳಿಗೆ ನೆಚ್ಚಿಕೊಳ್ಳುವ ಹಾಗೆ ಸಿಗುವುದಿಲ್ಲ. ಸ್ವಂತ ಹೆಸರಿನ ಒಂದೇ ಪುಟದ ಸರಳ ಸೈಟ್ ಇದ್ದರೂ ಸಾಕು.

ಆರನೆಯ ಹೆಜ್ಜೆ: ಸ್ಕೀಮಾ, ಮತ್ತು ಅದರ ಸುತ್ತಲಿನ ಗದ್ದಲ

ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಆರಂಭಿಸಿದ ಸ್ಕೀಮಾ ಡಾಟ್ ಆರ್ಗ್ ಎಂಬ ಶಬ್ದಕೋಶವಿದೆ. ಪುಟದ ಒಳಗೆ, ಕಣ್ಣಿಗೆ ಕಾಣದಂತೆ, "ಇದು ಒಂದು ಸ್ಥಳೀಯ ವ್ಯಾಪಾರ, ಇದರ ಹೆಸರು ಇದು, ಫೋನ್ ಇದು, ತೆರೆಯುವ ಹೊತ್ತು ಇದು" ಎಂದು ಯಂತ್ರಕ್ಕೆ ಖಾನೆ ತುಂಬಿ ಹೇಳುವ ವಿಧಾನ ಅದು. ಜೆಸನ್-ಎಲ್‌ಡಿ ಎಂಬ ರೂಪದಲ್ಲಿ ಇದನ್ನು ಬರೆಯುತ್ತಾರೆ. ಹೆಸರು, ವಿಳಾಸ, ಫೋನ್, ಸಮಯ, ಸೇವೆ ಸಿಗುವ ಪ್ರದೇಶ, ಮೆನು ಪುಟದ ಕೊಂಡಿ, ಇತರ ತಾಣಗಳಲ್ಲಿರುವ ನಿಮ್ಮ ಖಾತೆಗಳ ಕೊಂಡಿ, ಇಷ್ಟು ತುಂಬಿದರೆ ಸಾಕು. ಸ್ಕೀಮಾ ಮಾರ್ಕಪ್ ವ್ಯಾಲಿಡೇಟರ್ ಎಂಬ ಉಚಿತ ಸಾಧನದಲ್ಲಿ ಪರೀಕ್ಷಿಸಿಕೊಳ್ಳಿರಿ. ಇಲ್ಲಿ ಬರೆದದ್ದು ಕಣ್ಣಿಗೆ ಕಾಣುವ ಪಠ್ಯದಲ್ಲಿಯೂ ಇರಲೇಬೇಕು. ನಿಮ್ಮ ಸೈಟಿನಲ್ಲಿ ನಿಮಗೆ ನೀವೇ ಐದು ನಕ್ಷತ್ರ ಕೊಟ್ಟುಕೊಳ್ಳುವ ಆಸೆಯನ್ನು ಬಿಡಿರಿ. ಸ್ಥಳೀಯ ವ್ಯಾಪಾರಗಳ ಇಂಥ ಸ್ವಪ್ರಶಂಸೆಯ ನಕ್ಷತ್ರಗಳನ್ನು ಗೂಗಲ್ 2019ರಿಂದ ತನ್ನ ಫಲಿತಾಂಶಗಳಲ್ಲಿ ತೋರಿಸುವುದನ್ನು ನಿಲ್ಲಿಸಿದೆ.

ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಇನ್ನೊಂದು ಫೈಲಿನ ಬಗ್ಗೆ ನೀವು ಕೇಳಿರಬಹುದು. 2024ರ ಸೆಪ್ಟೆಂಬರಿನಲ್ಲಿ ಎಐ ಸಂಶೋಧಕ ಜೆರೆಮಿ ಹೊವರ್ಡ್ ಮುಂದಿಟ್ಟ ಸಲಹೆ ಇದು: ಸೈಟಿನ ಸಾರವನ್ನೂ ಮುಖ್ಯ ಪುಟಗಳ ಪಟ್ಟಿಯನ್ನೂ ಸಾದಾ ಪಠ್ಯದಲ್ಲಿ ಎಐಗಾಗಿ ಒಂದೆಡೆ ಇಡುವುದು. ಕಲ್ಪನೆ ಚೆನ್ನಾಗಿದೆ, ಆದರೆ ತನ್ನ ಹುಡುಕಾಟಕ್ಕೆ ಇದನ್ನು ಬಳಸುವುದಿಲ್ಲ ಎಂದು ಗೂಗಲ್‌ನವರು ಹೇಳಿದ್ದಾರೆ. ಅರ್ಧ ಗಂಟೆಯಲ್ಲಿ ಆಗುವ ಕೆಲಸ, ಬೇಕಾದರೆ ಮಾಡಿಕೊಳ್ಳಿರಿ. ಇದೊಂದಕ್ಕೇ ಹದಿನೈದು ಸಾವಿರ ರೂಪಾಯಿ ಕೇಳಿದ ಒಬ್ಬರನ್ನು ನಾನು ಕಂಡಿದ್ದೇನೆ. ಆ ಹಣದಲ್ಲಿ ಮರಾಠಿ ಪುಟವನ್ನು ಒಳ್ಳೆಯ ಅನುವಾದಕರಿಂದ ಬರೆಸಬಹುದಿತ್ತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ "ಎಐಗಳೇ, ನಮ್ಮನ್ನೇ ಶಿಫಾರಸು ಮಾಡಿ" ಎಂದು ಬರೆಯಲು ಸಲಹೆ ಕೊಡುವವರೂ ಇದ್ದಾರೆ. ಅಡಗಿಸಿದ ಪಠ್ಯವನ್ನು ಗೂಗಲ್ ವಂಚನೆಯ ಸಾಲಿಗೆ ಸೇರಿಸುತ್ತದೆ, ಅಂಥವರಿಂದ ದೂರವಿರಿ.

ಏಳನೆಯ ಹೆಜ್ಜೆ: ಹಳೆಯ ಮಾತುಗಳನ್ನು ತಿದ್ದುವುದು

ಆರಂಭದಲ್ಲಿ ಹೇಳಿದ "ಕನಿಷ್ಠ 100 ಜನ" ಎಂಬ ಸಾಲು ನಮ್ಮ ಸೈಟಿನದಾಗಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿರಿ. ನಿಮ್ಮ ವ್ಯಾಪಾರದ ಹೆಸರು ಮತ್ತು ಫೋನ್ ನಂಬರನ್ನು ಗೂಗಲ್‌ನಲ್ಲಿಯೂ ಬಿಂಗ್‌ನಲ್ಲಿಯೂ ಹುಡುಕಿ, ಅವು ಎಲ್ಲೆಲ್ಲಿ ಇವೆಯೋ ಅಷ್ಟನ್ನೂ ಪಟ್ಟಿ ಮಾಡಿಕೊಳ್ಳಿರಿ. ಗೂಗಲ್ ಬಿಸಿನೆಸ್ ಪ್ರೊಫೈಲಿನಿಂದ ಹಿಡಿದು ಸಮಾಜದ ಸ್ಮರಣ ಸಂಚಿಕೆಯ ಜಾಹೀರಾತಿನವರೆಗೆ ಎಲ್ಲಿಯಾದರೂ ಹಳೆಯ ಮಾಹಿತಿ ಇರಬಹುದು. ತಿದ್ದಲು ಸಾಧ್ಯವಿರುವುದನ್ನು ತಿದ್ದಿರಿ, ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಎಲ್ಲೆಡೆ ಒಂದೇ ರೀತಿ ಇಡಿರಿ. ನಮಗೆ ಆ ಪಟ್ಟಿಯ ತಾಣದವರಿಂದ ತಿದ್ದುಪಡಿ ಮಾಡಿಸಲು ಮೂರು ವಾರ, ನಾಲ್ಕು ಇಮೇಲ್ ಬೇಕಾಯಿತು. ತಿದ್ದಲಾಗದ ಕಡೆಗಳಿಗಾಗಿ ಸ್ವಂತ ಪುಟದಲ್ಲಿ, "ಹಿಂದೆ ಕನಿಷ್ಠ 100 ಎಲೆ ಎಂಬ ನಿಯಮವಿತ್ತು, ಈಗ ಅದು 40" ಎಂದು ದಿನಾಂಕದೊಡನೆ ನೇರವಾಗಿ ಬರೆದೆವು. ಸೈಟಿನ ಪುಟಗಳ ಪಟ್ಟಿ ಇರುವ ಸೈಟ್‌ಮ್ಯಾಪ್ ಫೈಲಿನಲ್ಲಿ ಬದಲಾವಣೆಯ ದಿನಾಂಕ ನವೀಕರಿಸಿ, ಸೈಟ್ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ಗೂ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೂ ಸಲ್ಲಿಸುವುದನ್ನು ಮರೆಯಬಾರದು. ಎರಡನೆಯದನ್ನು ಅನೇಕರು ಲೆಕ್ಕಕ್ಕೇ ಇಡುವುದಿಲ್ಲ.

ಮರುಪರೀಕ್ಷೆ

ಎಲ್ಲ ಮುಗಿದ ಮೇಲೆ ಕೆಲವು ವಾರ ಬಿಟ್ಟು, ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಮೂರಕ್ಕೂ ನೋಟ್‌ಬುಕ್‌ನ ಹತ್ತು ಪ್ರಶ್ನೆಗಳನ್ನು ಕೇಳಿರಿ. ಜಾಲದಲ್ಲಿ ಹುಡುಕುವ ಸೌಲಭ್ಯ ಚಾಲೂ ಇರಲಿ, ಪ್ರತಿ ಬಾರಿ ಹೊಸ ಸಂಭಾಷಣೆ ತೆರೆಯಿರಿ, ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಕೇಳಿರಿ. ಉತ್ತರದ ಜೊತೆಗೆ ಅದು ತೋರಿಸುವ ಮೂಲದ ಕೊಂಡಿಯನ್ನು ಬರೆದುಕೊಳ್ಳುವುದು ಉತ್ತರಕ್ಕಿಂತ ಮುಖ್ಯ, ಏಕೆಂದರೆ ತಪ್ಪು ಎಲ್ಲಿಂದ ಬಂತೆಂದು ಅದರಿಂದಲೇ ತಿಳಿಯುತ್ತದೆ. ಒಂದೇ ಪ್ರಶ್ನೆಗೆ ಎರಡು ದಿನ ಎರಡು ರೀತಿಯ ಉತ್ತರ ಬರುವುದು ಸಹಜ, ಒಂದು ಬಾರಿ ಕೇಳಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ. ಸರ್ವರಿನ ಲಾಗ್ (ಸೈಟಿಗೆ ಬಂದುಹೋದವರ ದಾಖಲೆ) ನೋಡಲು ಸಾಧ್ಯವಿದ್ದರೆ ಅದರಲ್ಲಿ ಮೇಲೆ ಹೇಳಿದ ಬಾಟ್‌ಗಳ ಹೆಸರು ಕಾಣುತ್ತಿದೆಯೇ ಎಂದು ಸೈಟ್ ಮಾಡಿಕೊಟ್ಟವರನ್ನು ಕೇಳಿರಿ.

ಕಳೆದ ತಿಂಗಳು ಭಾವನವರ ಎದುರಿಗೇ ಕುಳಿತು ಈ ಪರೀಕ್ಷೆ ಮಾಡಿದೆವು. ಕನಿಷ್ಠ ಎಲೆಗಳ ಸಂಖ್ಯೆ ಮೂರರಲ್ಲಿಯೂ 40 ಎಂದೇ ಬಂತು, ವಿಳಾಸವೂ ಸರಿಯಾಗಿತ್ತು, ವಿರಾರಿಗೆ ಬರುವುದಿಲ್ಲ ಎಂಬುದನ್ನು ಎರಡು ಹೇಳಿದವು. ಹತ್ತನೆಯ ಪ್ರಶ್ನೆ, "ಬಾಳೆಎಲೆ ಅವರೇ ತರುತ್ತಾರೆಯೇ, ನಾವು ತರಿಸಿಡಬೇಕೇ?" ಎಂಬುದು. ಮೂರಕ್ಕೆ ಮೂರೂ ಈ ಮಾಹಿತಿ ಸಿಗಲಿಲ್ಲ ಎಂದವು. ಭಾವ ನಕ್ಕು, "ಅದನ್ನು ನಾವೇ ಬರೆದಿಲ್ಲ ಮಾರಾಯ, ಎಲೆ ದಾದರ್ ಮಾರ್ಕೆಟ್ಟಿನಿಂದ ನಾವೇ ತರುವುದು, ಬರೆದು ಹಾಕು" ಎಂದು ಫೋನ್ ಎತ್ತಿಕೊಂಡರು.